ಮರದ ಮೇಲಿನ ಜರೀಗಿಡ: ಒಣಗಿದ್ದಲ್ಲ, ಬಂದಳಿಕೆಯೂ ಅಲ್ಲ

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹಳೆಯ ಮಾವು, ಹಲಸಿನ ಮರಗಳನ್ನು ಅಪ್ಪಿಕೊಂಡು ಬೆಳೆಯುವ ದೊಡ್ಡ ಜರೀಗಿಡವೊಂದಿದೆ. ಬುಡದಲ್ಲಿ ಕಂದು ಎಲೆಗಳು, ಅವುಗಳ ನಡುವಿನಿಂದ ಹೊರಚಾಚಿದ ಸೀಳುಸೀಳಾದ ಹಸಿರೆಲೆಗಳು. ಲಿನೇಯಸ್ 1753ರಲ್ಲೇ ವರ್ಣಿಸಿದ ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ಡ್ರೈನೇರಿಯಾ ಕ್ವೆರ್ಸಿಫೋಲಿಯಾ. ಪಶ್ಚಿಮ ಘಟ್ಟದ ಕಾಡಿಗೆ ಸಹಜವಾದ ಈ ಗಿಡವನ್ನು ಸರಿಯಾಗಿ ಗುರುತಿಸದೆ ಕಿತ್ತೆಸೆಯುವವರಿದ್ದಾರೆ.

ತಪ್ಪು ಕಲ್ಪನೆ: ಬುಡದ ಎಲೆಗಳು ಕಂದಾಗಿವೆ, ಗಿಡ ಸತ್ತಿದೆ.

ಸತ್ಯ: ಈ ಗಿಡಕ್ಕೆ ಎಲೆಗಳು ಎರಡು ಬಗೆ. ಗುರುತು ಹಿಡಿಯಲು ಮೊದಲು ನೋಡಬೇಕಾದ್ದೂ ಇದನ್ನೇ. ಬುಡದ ಎಲೆಗಳು ಅಗಲ, ಗಿಡ್ಡ, ಅವಕ್ಕೆ ತೊಟ್ಟಿಲ್ಲ. ಎಳೆಯದರಲ್ಲಿ ಹಸಿರಾಗಿದ್ದು, ಬಲಿತಂತೆ ಕಂದಾಗಿ ಗರಿಗರಿಯಾಗುತ್ತವೆ, ಆದರೂ ಉದುರುವುದಿಲ್ಲ. ಬುಟ್ಟಿಯಂತೆ ನಿಂತು, ಮೇಲಿನಿಂದ ಬೀಳುವ ತರಗೆಲೆಯನ್ನು ಹಿಡಿದಿಡುತ್ತವೆ. ಅದು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ, ತೇವವನ್ನೂ ಉಳಿಸಿಕೊಳ್ಳುತ್ತದೆ. ಮಣ್ಣಿಲ್ಲದ ಎತ್ತರದಲ್ಲಿ ಗಿಡದ ಬೇರುಗಳಿಗೆ ಇದೇ ಆಸರೆ.

ಹಸಿರೆಲೆಗಳದು ಬೇರೆಯೇ ರೂಪ: ಉದ್ದ ತೊಟ್ಟು, ನಡುದಿಂಡಿನ ಹತ್ತಿರದವರೆಗೆ ಇಳಿದ ಸೀಳು, ಒಂದು ಮೀಟರಿನಷ್ಟು ಉದ್ದ. ಬೇಸಿಗೆಯ ಒಣ ತಿಂಗಳುಗಳಲ್ಲಿ ಇವು ಉದುರಿ ಗಿಡ ಬೋಳಾಗಿ ಕಾಣುತ್ತದೆ. ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ.

ತಪ್ಪು ಕಲ್ಪನೆ: ಇದೂ ಬಂದಳಿಕೆ, ಮರದ ಸಾರ ಹೀರುತ್ತದೆ.

ಸತ್ಯ: ಬಂದಳಿಕೆ ಕೊಂಬೆಯೊಳಕ್ಕೇ ಬೇರಿಳಿಸಿ ನೀರು, ಲವಣ ಕದಿಯುತ್ತದೆ, ಹೂವು, ಹಣ್ಣನ್ನೂ ಬಿಡುತ್ತದೆ. ಜರೀಗಿಡದ ಬೇರು ತೊಗಟೆಯ ಮೇಲ್ಮೈಯನ್ನಷ್ಟೇ ಹಿಡಿದುಕೊಳ್ಳುತ್ತದೆ. ತನ್ನ ಆಹಾರವನ್ನು ಹಸಿರೆಲೆಗಳಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಬಂಡೆಯ ಮೇಲೂ ಇದು ಬೆಳೆಯುತ್ತದೆ ಎಂಬುದೇ ಇದಕ್ಕೆ ಸಾಕ್ಷಿ.

ತಪ್ಪು ಕಲ್ಪನೆ: ಎಲೆಯಡಿಯ ಕಂದು ಚುಕ್ಕೆಗಳು ರೋಗ, ಇಲ್ಲವೇ ಹುಳುವಿನ ಮೊಟ್ಟೆ.

ಸತ್ಯ: ಅವು ಬೀಜಕಣಗಳ ಚೀಲಗಳ ಗುಂಪುಗಳು. ಜರೀಗಿಡಗಳಿಗೆ ಹೂವಿಲ್ಲ, ಬೀಜವಿಲ್ಲ. ಗಾಳಿಯಲ್ಲಿ ತೇಲಿಹೋಗುವ ಈ ಕಣಗಳಿಂದಲೇ ಸಂತಾನ. ರೋಗದ ಕಲೆಗೆ ಕ್ರಮವಿರುವುದಿಲ್ಲ. ಇಲ್ಲಿಯಾದರೋ ಅಕ್ಕಪಕ್ಕದ ಎರಡು ನರಗಳ ನಡುವೆ ದುಂಡು ಚುಕ್ಕೆಗಳು ಸಾಮಾನ್ಯವಾಗಿ ಎರಡು ಸಾಲಾಗಿ ಕೂತಿರುತ್ತವೆ. ಹಸಿರೆಲೆಗಳಲ್ಲಿ ಮಾತ್ರ ಇವು ಕಾಣಸಿಗುತ್ತವೆ. ಬುಡದ ಎಲೆಗಳಲ್ಲಿ ಇರುವುದಿಲ್ಲ.

ತಪ್ಪು ಕಲ್ಪನೆ: ಎಲೆಯ ಆಕಾರ ನೋಡಿದರೆ ಸಾಕು, ಗುರುತು ಸಿಕ್ಕಂತೆ.

ಸತ್ಯ: ಸೀಳೆಲೆಯ ಜರೀಗಿಡಗಳು ಬೇಕಾದಷ್ಟಿವೆ. ತರಗೆಲೆ ಕೂಡಿಸುವುದೂ ಇದೊಂದೇ ಅಲ್ಲ. ಹಕ್ಕಿಗೂಡು ಜರೀಗಿಡವೂ ಹಾಗೆಯೇ ಮಾಡುತ್ತದೆ, ಆದರೆ ಅದರ ಎಲೆ ಸೀಳಿರುವುದಿಲ್ಲ, ಬೀಜಕಣಗಳು ಓರೆಗೆರೆಗಳಾಗಿರುತ್ತವೆ. ಆದ್ದರಿಂದ ಕಾಂಡವನ್ನೂ ನೋಡಬೇಕು. ತೊಗಟೆಯ ಮೇಲೆ ತೆವಳುವ ದಪ್ಪ, ರಸಭರಿತ ಕಾಂಡ. ಮೈತುಂಬ ಕಂದು ಹುರುಪೆ.

ಎರಡು ಬಗೆಯ ಎಲೆ, ಚುಕ್ಕೆಗಳ ಸಾಲು, ಹುರುಪೆ ತುಂಬಿದ ಕಾಂಡ: ಮೂರೂ ಕೂಡಿದರೆ ಗುರುತು ಗಟ್ಟಿ. ಇದಕ್ಕಾಗಿ ಗಿಡವನ್ನು ಕೀಳಬೇಕಾಗಿಲ್ಲ. ಬುಡ, ಎಲೆಯಡಿ, ಕಾಂಡ ಕಾಣುವಂತೆ ಮೂರು ಫೋಟೊ ಸಾಕು. ತೋಟ ಸ್ವಚ್ಛ ಮಾಡುವಾಗಲೂ ಆ ಕಂದು ಎಲೆಗಳನ್ನು ಮುಟ್ಟಬೇಡಿ. ಅವನ್ನು ಕಿತ್ತರೆ ಗಿಡದ ನೀರು, ಗೊಬ್ಬರ ಎರಡನ್ನೂ ಕಿತ್ತುಕೊಂಡಂತೆ.