ರಕ್ತದ ಕಬ್ಬಿಣ: ಕಣಜವನ್ನೂ ನೋಡಿ

ರೈತ ಬಾಂಧವರೇ, ಹೊಲದ ಮಣ್ಣು ಪರೀಕ್ಷೆ ಮಾಡಿಸುವ ನೀವು ಮನೆಯ ಹೆಣ್ಣುಮಕ್ಕಳ ರಕ್ತಪರೀಕ್ಷೆ ಮಾಡಿಸಿದ್ದೀರಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು.

ಪರೀಕ್ಷೆ ಬೆಂಗಳೂರಿನ ಗಿರಿನಗರದಲ್ಲಾಗಲಿ, ನಿಮ್ಮೂರಿನಲ್ಲಾಗಲಿ, ವರದಿ ಓದುವ ಕ್ರಮ ಒಂದೇ. ಹಿಮೋಗ್ಲೋಬಿನ್ ಅಡುಗೆಮನೆಯ ಡಬ್ಬಿಯಲ್ಲಿನ ರಾಗಿಯಂತೆ. ಫೆರಿಟಿನ್ ಕಣಜದ ದಾಸ್ತಾನನ್ನು ತಿಳಿಸುತ್ತದೆ. ಮೊದಲು ಬರಿದಾಗುವುದು ಕಣಜ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ದಾಸ್ತಾನು ತೀರಿದೆಯೆಂದೇ ತಿಳಿಯಿರಿ. ಸೋಂಕು, ಉರಿಯೂತವಿದ್ದಾಗ ಫೆರಿಟಿನ್ ಹೆಚ್ಚಾಗಿ ಕಾಣಬಹುದು. ಜ್ವರವಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದೊಡನೆ ನುಂಗಬೇಡಿ. ಹಿಮೋಗ್ಲೋಬಿನ್ ಏರಿತೆಂದು ಮಾತ್ರೆ ನಿಲ್ಲಿಸಲೂಬೇಡಿ. ಕಣಜ ತುಂಬಲು ಇನ್ನೂ ಕೆಲವು ತಿಂಗಳು ಬೇಕು.