ಒಡೆಯರಪಾಳ್ಯದ 'ಪರದೇಶಿ' ಅಜ್ಜಂದಿರು

ಉಮ್ಮತ್ತೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೊರಟವರು ಸಂತೇಮರಹಳ್ಳಿ, ಯಳಂದೂರು ದಾಟಿ ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ಒಂದು ನೋಟ ಆಗಾಗ ಕಣ್ಣಿಗೆ ಬೀಳುತ್ತದೆ. ಬೆಂಚಿನ ತುದಿಯಲ್ಲಿ ಒಬ್ಬ ಮುದುಕ. ಮುಖದ ತುಂಬ ಸುಕ್ಕು, ತಲೆಗೆ ಟೋಪಿ, ಕೈಯಲ್ಲಿ ಜಪಮಾಲೆ. ಸುತ್ತಲೂ ಕಡಲೆಕಾಯಿ ಮಾರುವವನ ಕೂಗು, ಕಂಡಕ್ಟರ ಸೀಟಿ, ಕೂಸುಗಳ ಅಳು. ಅಜ್ಜನ ತುಟಿ ಮಾತ್ರ ಅದರ ಪಾಡಿಗೆ ಅದು ಅಲುಗುತ್ತಲೇ ಇರುತ್ತದೆ.

"ಲಾಮಾ ಕನಾ" ಅಂತ ಜನ ತಮ್ಮತಮ್ಮಲ್ಲೇ ಅಂದುಕೊಂಡು ಬಸ್ಸು ಹತ್ತುತ್ತಾರೆ. ಲಾಮಾ ಅಂದರೆ ಗುರು. ಟಿಬೆಟಿನವರೆಲ್ಲ ಲಾಮಾಗಳಲ್ಲ, ಉಮ್ಮತ್ತೂರಿನವರೆಲ್ಲ ಸ್ವಾಮಿಗಳಲ್ಲದ ಹಾಗೆ. ಆದರೂ ಆ ಹೆಸರು ಅಂಟಿಕೊಂಡುಬಿಟ್ಟಿದೆ.

ಅಜ್ಜ ಕಾಯುತ್ತಿರುವುದು ಒಡೆಯರಪಾಳ್ಯದ ಬಸ್ಸಿಗೆ. ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ ದಾಟಿ, ಕಾಡಿನ ಅಂಚು ಹಿಡಿದು ಹೋದರೆ ಟಿಬೆಟಿನವರ ನೆಲೆ ಸಿಗುತ್ತದೆ. ಅವರ ಬಾಯಲ್ಲಿ ಅದು 'ಧೋಂಡೆನ್‌ಲಿಂಗ್'. ಸುತ್ತಲ ಹಳ್ಳಿಯವರಿಗೆ ಬರೀ 'ಕ್ಯಾಂಪು'. ಒಳಗಿನ ಊರುಗಳಿಗೆ ಹೆಸರಿನ ಬದಲು ಇಂಗ್ಲಿಷ್ ಅಕ್ಷರ: ಎ ವಿಲೇಜು, ಬಿ ವಿಲೇಜು, ಹೀಗೆ.

1959ರ ಮಾರ್ಚ್ ತಿಂಗಳಲ್ಲಿ ಲ್ಹಾಸಾದಲ್ಲಿ ಚೀನಾ ವಿರುದ್ಧ ಜನ ದಂಗೆ ಎದ್ದರು. ತಿಂಗಳ ಕೊನೆಗೆ ದಲೈಲಾಮಾ ಭಾರತದ ಗಡಿ ದಾಟಿದರು. ಹಿಂದೆಯೇ ಸಾವಿರಾರು ಜನ ಬಂದರು. ಬಂದವರಲ್ಲಿ ಎಷ್ಟೋ ಮಂದಿ ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದರು. ಆಗಿನ ಮೈಸೂರು ರಾಜ್ಯ ಮೊದಲು ಬೈಲುಕುಪ್ಪೆಯಲ್ಲಿ ಜಾಗ ಕೊಟ್ಟಿತು. ಮುಂಡಗೋಡು, ಹುಣಸೂರು ಆಮೇಲೆ. 1974ರ ಸುಮಾರಿಗೆ ಒಡೆಯರಪಾಳ್ಯದ ಸರದಿ. ಮಂಜಿನ ಸೀಮೆಯಿಂದ ಬಂದವರು ಕುರುಚಲು ಕಡಿದು, ಮಳೆ ನಂಬಿ, ಮುಸುಕಿನ ಜೋಳ ಬಿತ್ತಿದರು. ಆನೆ ಬಂದು ತಿಂದಿತು. ಮತ್ತೆ ಬಿತ್ತಿದರು. ಲೊಕ್ಕನಹಳ್ಳಿ ಕಡೆಯ ರೈತನಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

1959ರಲ್ಲಿ ಹತ್ತು ವರ್ಷದ ಕೂಸಾಗಿದ್ದವರಿಗೂ ಈಗ ಎಪ್ಪತ್ತೈದು ದಾಟಿದೆ. ಬೆಳಗಿನ ಜಾವವೇ ಎದ್ದು ದೇವರ ಮುಂದೆ ಏಳು ಬಟ್ಟಲಿಗೆ ನೀರು ತುಂಬಿಸಿ ದೀಪ ಹಚ್ಚುತ್ತಾರೆ. ಆಮೇಲೆ ಉಪ್ಪು ಬೆಣ್ಣೆ ಹಾಕಿದ ಚಹಾ. ಹೊಸಬರು ಒಂದು ಗುಟುಕು ಕುಡಿದು ಮುಖ ಕಿವುಚಿದರೆ ಅಜ್ಜಿಯರಿಗೆ ನಗು. ಚಹಾದಲ್ಲಿ ಕಲಸಿ ತಿನ್ನುವ 'ತ್ಸಂಪಾ' ಮಾತ್ರ ಇಲ್ಲಿಯವರಿಗೆ ಗುರುತು ಹತ್ತೀತು. ಬಾರ್ಲಿ ಹುರಿದು ಬೀಸಿದ ಹಿಟ್ಟು ಅದು, ರಾಗಿ ಹುರಿಹಿಟ್ಟಿನ ಅಣ್ಣತಮ್ಮ ಅನ್ನಿ. ಹೊತ್ತು ಮೂಡುವ ಹೊತ್ತಿಗೆ ಮಠದ ಸುತ್ತ ಪ್ರದಕ್ಷಿಣೆ. ಇಲ್ಲಿನ ಜೋಗ್‌ಚೆನ್ ಮಠವನ್ನು ದಲೈಲಾಮಾ 1992ರಲ್ಲಿ ಉದ್ಘಾಟಿಸಿದ್ದರು. ಒಂದು ಕೈಲಿ ಮಣಿ, ಇನ್ನೊಂದರಲ್ಲಿ ತಿರುಗುವ ಮಂತ್ರಚಕ್ರ, ಮಂಡಿನೋವಿನ ನಿಧಾನ ಹೆಜ್ಜೆ. ನಡುನಡುವೆ ನಿಂತು ಸಕ್ಕರೆ ಕಾಯಿಲೆ, ಬಿ.ಪಿ., ಮಗನ ಫೋನು, ಮಳೆ. ಯಾವ ಊರಿನ ಜಗಲಿ ಮಾತೂ ಇದೇ ತಾನೆ!

ಹಿರಿಯರನ್ನು 'ಪಾಲಾ', 'ಅಮಾಲಾ' ಎಂದು ಕರೆಯುತ್ತಾರೆ. ಆ 'ಲಾ' ಮರ್ಯಾದೆಯ ಮಾತು. ಹನೂರು, ಕೊಳ್ಳೇಗಾಲದ ಅಂಗಡಿಗೆ ಬಂದರೆ ಇದೇ ಹಿರಿಯರ ಬಾಯಲ್ಲಿ ವ್ಯಾಪಾರದ ಕನ್ನಡ: "ಎಷ್ಟು? ಜಾಸ್ತಿ ಆಯ್ತು. ಕಮ್ಮಿ ಮಾಡು." ಚೌಕಾಸಿಗೆ ವ್ಯಾಕರಣ ಯಾಕೆ ಬೇಕು?

ಇವರಲ್ಲಿ ಫೌಜಿನಿಂದ ರಿಟೈರಾದವರೂ ಇದ್ದಾರೆ. ಚೀನಾ ಯುದ್ಧದ ಹೊತ್ತಿನಲ್ಲಿ, 1962ರ ನವೆಂಬರಿನಲ್ಲಿ, ಭಾರತ ಟಿಬೆಟಿನ ಯುವಕರನ್ನೇ ಸೇರಿಸಿ ಒಂದು ಗುಟ್ಟಿನ ಪಡೆ ಕಟ್ಟಿತು. ಬಳಕೆಯ ಹೆಸರು 'ಇಪ್ಪತ್ತೆರಡು'. 1971ರಲ್ಲಿ ಬಾಂಗ್ಲಾ ಯುದ್ಧವಾದಾಗ ಇವರು ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿದರು, ಸತ್ತವರೂ ಉಂಟು. ಗುಟ್ಟಿನ ಪಡೆಯಾದ್ದರಿಂದ ಊರೂರಲ್ಲಿ ಮೆರವಣಿಗೆ, ಹಾರ ತುರಾಯಿ ಏನೂ ಇರಲಿಲ್ಲ. 2020ರಲ್ಲಿ ಲಡಾಖಿನಲ್ಲಿ ಈ ಪಡೆಯ ನ್ಯಿಮಾ ತೆಂಜಿನ್ ಸತ್ತು, ಬಹಿರಂಗವಾಗಿ ಸೇನಾ ಗೌರವ ಸಿಕ್ಕಾಗಲೇ ದೇಶದ ಬಹಳಷ್ಟು ಜನಕ್ಕೆ ಹೀಗೊಂದು ಪಡೆ ಇದೆ ಅನ್ನುವುದು ತಿಳಿದದ್ದು.

ಇಷ್ಟಾದರೂ ಟಿಬೆಟಿನಲ್ಲಿ ಹುಟ್ಟಿ ಬಂದ ಅಜ್ಜ ಕಾಗದದಲ್ಲಿ ವಿದೇಶಿ. ಕೈಯಲ್ಲಿರುವುದು 'ಆರ್.ಸಿ.' ಎಂಬ ನೋಂದಣಿ ಪುಸ್ತಕ. ಮೊದಲು ವರ್ಷ ವರ್ಷ ನವೀಕರಿಸಬೇಕಿತ್ತು, ಈಚೆಗೆ ಐದು ವರ್ಷಕ್ಕೊಮ್ಮೆ. ಉಳುವ ನೆಲ ಸರ್ಕಾರದ ಗುತ್ತಿಗೆ. ಓಟಿಲ್ಲ. ಕೊಳ್ಳೇಗಾಲ ಸೀಮೆಯೇ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿಯ ಜನ ಹೊಸಿಲು ದಾಟದೆಯೇ ರಾಜ್ಯ ಬದಲಾಯಿಸಿದರು, ಕಾಗದ ತಾನಾಗಿ ತಿದ್ದುಕೊಂಡಿತು. ಈ ಅಜ್ಜ ಹಿಮಾಲಯವನ್ನೇ ದಾಟಿ ಬಂದರೂ ಕಾಗದ ಕದಲಲಿಲ್ಲ.

ಮಗಳ ಕತೆ ಬೇರೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟಿನವರು ಹುಟ್ಟಿನಿಂದಲೇ ಭಾರತೀಯರು ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟು ತೀರ್ಪು ಕೊಟ್ಟಿತು. ಮರುವರ್ಷ ಅಂಥವರ ಹೆಸರು ಮತದಾರರ ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗವೂ ಹೇಳಿತು. ಒಂದೇ ಒಲೆಯ ಅನ್ನ ಉಂಡರೂ ಅಪ್ಪ ವಿದೇಶಿ, ಮಗಳು ಸ್ವದೇಶಿ! ಆದರೆ 2017ರಲ್ಲಿ ಇವರಿಗೆ ಪಾಸ್‌ಪೋರ್ಟ್ ಕೊಡಲು ಹೊರಟಾಗ ಷರತ್ತುಗಳು ಬಂದವು. ಆರ್.ಸಿ. ಒಪ್ಪಿಸಬೇಕು, ನಿರಾಶ್ರಿತರ ಕ್ಯಾಂಪಿನಲ್ಲಿ ವಾಸ ಇರಬಾರದು. ಅಂದರೆ ಪಾಸ್‌ಪೋರ್ಟ್ ಬೇಕಾದರೆ ಅಪ್ಪನ ಮನೆ ಬಿಡು ಎಂದ ಹಾಗಾಯಿತು. ಮುದಿ ಅಪ್ಪನನ್ನು ನೋಡಿಕೊಳ್ಳುವ ಮಗಳು ಏನು ಮಾಡಬೇಕು?

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ವಿದೇಶಿಯೂ ಇದ್ದ. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯಲ್ಲಿ ಕಾಫಿ ತೋಟ ಇಟ್ಟುಕೊಂಡು, ಶಿಕಾರಿಗೆ ಹೆಸರಾಗಿದ್ದ ಆರ್.ಸಿ. ಮಾರಿಸ್ ದೊರೆ. 1950ರ ದಶಕದಲ್ಲಿ ತೋಟ ಬಿಟ್ಟು ಇಂಗ್ಲೆಂಡಿಗೆ ಹೊರಟುಹೋದರು. ದೊರೆಗೆ ಹೋಗಲು ಊರಿತ್ತು. ಕನ್ನಡದಲ್ಲಿ 'ಪರದೇಶಿ' ಎಂದರೆ ಹೊರದೇಶದವ ಅಂತಲೂ ಹೌದು, ದಿಕ್ಕಿಲ್ಲದವ ಅಂತಲೂ ಹೌದು. ದೊರೆಗೆ ಮೊದಲನೆಯ ಅರ್ಥವಷ್ಟೇ ಸಾಕಾಗಿತ್ತು.

ಚಳಿಗಾಲ ಬಂತೆಂದರೆ ಕ್ಯಾಂಪಿನಲ್ಲಿ ಬೀಗ ಬಿದ್ದ ಬಾಗಿಲುಗಳೇ ಹೆಚ್ಚು. ದುಡಿಯುವವರು ಲೂಧಿಯಾನದ ಸ್ವೆಟರ್ ತಂದು ಊರೂರಿನ ಫುಟ್‌ಪಾತಿನಲ್ಲಿ ಅಂಗಡಿ ಹೂಡುತ್ತಾರೆ. ಸಂಸಾರದ ವರ್ಷದ ಖರ್ಚು ಬಹುಪಾಲು ಹುಟ್ಟುವುದು ಅಲ್ಲೇ. ಓದಿದ ಹುಡುಗರು ಬೆಂಗಳೂರಿಗೆ, ದಾರಿ ಸಿಕ್ಕಿದವರು ಕೆನಡಾ, ಅಮೆರಿಕಕ್ಕೆ. ಯಾರೂ ಇಲ್ಲದವರಿಗೆ ಕ್ಯಾಂಪಿನಲ್ಲೇ ವೃದ್ಧಾಶ್ರಮ. ಹೊಸ ವರ್ಷದ 'ಲೋಸಾರ್' ಹಬ್ಬ ಬೀಳುವುದು ಫೆಬ್ರವರಿ ಮಾರ್ಚಿನಲ್ಲಿ. ಅಷ್ಟು ಹೊತ್ತಿಗೆ ಸ್ವೆಟರಿನ ಗಂಟು ಕಟ್ಟಿ ಮಕ್ಕಳು ವಾಪಸು ಬರುತ್ತಾರೆ. ಕೆನಡಾದವರದು ಫೋನಿನಲ್ಲೇ ಹಬ್ಬ.

ದಲೈಲಾಮಾರಿಗೆ 2025ರ ಜುಲೈ 6ಕ್ಕೆ ತೊಂಬತ್ತು ತುಂಬಿತು. ಅವರ ಕಾಲದಲ್ಲೇ ಒಮ್ಮೆ ಲ್ಹಾಸಾ ನೋಡಿಬಿಡೋಣ ಅಂದುಕೊಂಡಿದ್ದವರು ಒಬ್ಬೊಬ್ಬರಾಗಿ ಒಡೆಯರಪಾಳ್ಯದಲ್ಲೇ ಕಣ್ಣು ಮುಚ್ಚುತ್ತಿದ್ದಾರೆ.

ಬಸ್ಸು ಬರುತ್ತದೆ. "ಪಾಳ್ಯ, ಪಾಳ್ಯ, ಒಡೆಯರಪಾಳ್ಯ!" ಅಜ್ಜ ಮಾಲೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಔಷಧಿ ಚೀಲ ಎತ್ತಿಕೊಳ್ಳುತ್ತಾರೆ. ಕಿಟಕಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಸೊಪ್ಪಿನ ಕುಕ್ಕೆಯನ್ನು ಕಾಲಬುಡಕ್ಕೆ ಎಳೆದುಕೊಂಡು ಸರಿಯುತ್ತಾಳೆ.

"ಕೂತ್ಕೊ ಬಾ ಅಜ್ಜ, ಜಾಗ ಅದೆ."