ನಾಯಿಯ ಭಾವಚಿತ್ರ: ಛಾಯಾಗ್ರಾಹಕನ ಆಯ್ಕೆಗಳನ್ನು ಕುರಿತು ಒಂದು ವಿವೇಚನೆ

ಭಾವಚಿತ್ರವೆಂದರೆ ಒಬ್ಬ ವ್ಯಕ್ತಿಯನ್ನು ಆತನಂಥ ಇತರರಿಂದ ಬೇರ್ಪಡಿಸಿ ತೋರುವ ಚಿತ್ರ. ಕುದುರೆಯ ಚಿತ್ರ, ನಾಯಿಯ ಚಿತ್ರ ಎನ್ನುವಾಗ ನಾವು ಸಾಮಾನ್ಯವಾಗಿ ಆ ಜಾತಿಯನ್ನು ಉದ್ದೇಶಿಸಿರುತ್ತೇವೆಯೇ ಹೊರತು ಇಂಥದೇ ಪ್ರಾಣಿಯನ್ನಲ್ಲ. ಹೀಗಿರುವಲ್ಲಿ ನಾಯಿಗೆ ಭಾವಚಿತ್ರವೆಂಬುದು ಸಾಧ್ಯವೆ, ಸಾಧ್ಯವಾದರೆ ಅದು ಯಾವ ಆಯ್ಕೆಗಳಿಂದ ಸಿದ್ಧಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಶಾಸನದಂತೆ ಛಾಯಾಚಿತ್ರವೂ ಇತಿಹಾಸದ ಆಕರವಾದುದರಿಂದ ಈ ವಿಷಯವು ನಮ್ಮ ವಿಭಾಗಕ್ಕೆ ಹೊರಗಿನದೆಂದು ನಾವು ಭಾವಿಸುವುದಿಲ್ಲ.

ಕನ್ನಡನಾಡಿನಲ್ಲಿ ಈ ಪ್ರಶ್ನೆಗೆ ಛಾಯಾಚಿತ್ರಕ್ಕಿಂತ ಬಹು ಹಿಂದೆಯೇ ಒಂದು ಉತ್ತರ ದೊರೆತಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲು ಕ್ರಿ. ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ತನ್ನ ಒಡೆಯನಲ್ಲಿ ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಶಿಲ್ಪಿಯು ಕಲ್ಲಿನಲ್ಲಿ ತೋರಿಸಲು ಆರಿಸಿಕೊಂಡದ್ದು ನಾಯಿಯೂ ಹಂದಿಯೂ ಎದುರುಬದುರಾಗಿ ಸೆಣಸುವ ಗಳಿಗೆಯನ್ನು. ಒಡೆಯನಿಗೆ ಅಲ್ಲಿ ಸ್ಥಾನವಿಲ್ಲ. ಯಾವ ಗಳಿಗೆ, ಯಾವ ಪಾರ್ಶ್ವ, ಜೊತೆಯಲ್ಲಿ ಯಾರು ಎಂಬ ಈ ಮೂರು ಆಯ್ಕೆಗಳು ಇಂದಿನ ಛಾಯಾಗ್ರಾಹಕನ ಮುಂದೆಯೂ ಇವೆ.

ಆದರೆ ಛಾಯಾಚಿತ್ರಕಲೆಯ ಆರಂಭಕಾಲದಲ್ಲಿ ಗಳಿಗೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. 1839ರಲ್ಲಿ ದಗೇರನ ವಿಧಾನ ಪ್ರಕಟವಾದಾಗ ಒಂದು ಚಿತ್ರಕ್ಕೆ ಹಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ಮುಂದೆ ಅದು ಸೆಕೆಂಡುಗಳಿಗೆ ಇಳಿದರೂ ಕುಳಿತವರು ಅಲುಗಾಡದಿರುವುದು ಅನಿವಾರ್ಯವಾಗಿತ್ತು. ಮನುಷ್ಯನಿಗೆ ಅಲುಗಾಡಬೇಡವೆಂದು ಹೇಳಬಹುದು. ನಾಯಿಗೆ ಹೇಳುವುದು ಸುಲಭವಲ್ಲ. ಆದಕಾರಣ ಅದನ್ನು ಮಲಗಿಸಿಯೋ, ಮಡಿಲಲ್ಲಿ ಹಿಡಿದೋ ಚಿತ್ರ ತೆಗೆಯಬೇಕಾಗುತ್ತಿತ್ತು. 1880ರ ದಶಕದ ವೇಳೆಗೆ ಜಿಲಟಿನ್ ಲೇಪಿಸಿದ ಒಣ ಫಲಕಗಳು ಬಳಕೆಗೆ ಬಂದು, ಸೆಕೆಂಡಿನ ಒಂದು ಅಂಶದಲ್ಲಿ ಚಿತ್ರ ತೆಗೆಯುವುದು ಸಾಧ್ಯವಾಯಿತು. 1887ರಲ್ಲಿ ಪ್ರಕಟವಾದ ಮೈಬ್ರಿಜ್‌ನ ಪ್ರಾಣಿಚಲನೆಯ ಚಿತ್ರಮಾಲೆಯಲ್ಲಿ ಓಡುವ ನಾಯಿಗಳೂ ಇವೆ. ಅಂದಿನಿಂದ ಕಿವಿ ನಿಮಿರಿದ ಕ್ಷಣವೂ ಮುಖ ತಿರುಗಿಸಿದ ಕ್ಷಣವೂ ಆಯ್ಕೆಯ ವಸ್ತುಗಳಾದವು.

ಇಂದಿನ ಆಯ್ಕೆಗಳಲ್ಲಿ ಮೊದಲನೆಯದು ಕ್ಯಾಮರಾದ ಎತ್ತರ. ನಿಂತವನ ಕಣ್ಣಿನ ಮಟ್ಟದಿಂದ ತೆಗೆದರೆ ನಾಯಿಯ ತಲೆ ದೊಡ್ಡದಾಗಿಯೂ ಕಾಲುಗಳು ಮೊಟಕಾಗಿಯೂ ಕಾಣುತ್ತವೆ, ನೆಲವೇ ಹಿನ್ನೆಲೆಯಾಗುತ್ತದೆ, ಮೇಲೆತ್ತಿದ ಅದರ ನೋಟವು ಬೇಡುವವನ ನೋಟವಾಗುತ್ತದೆ. ಮಂಡಿಯೂರಿ ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿನ್ನೆಲೆ ದೂರ ಸರಿದು, ನೋಟಕ್ಕೆ ನೋಟ ಎದುರಾಗುತ್ತದೆ. ಎರಡನೆಯದು ಮಸೂರ. ನಾಯಿಯ ಮೂತಿ ಮುಂದಕ್ಕೆ ಚಾಚಿರುವುದರಿಂದ ತೀರ ಸಮೀಪದಿಂದ ತೆಗೆದ ಚಿತ್ರದಲ್ಲಿ ಮೂಗು ವಿಪರೀತ ಹಿರಿದಾಗುತ್ತದೆ. ಮಸೂರದ ರಂಧ್ರ ಅಗಲವಾಗಿದ್ದರೆ ಮೂಗು ಸ್ಪಷ್ಟವಾಗಿ ಕಣ್ಣು ಮಸುಕಾಗುವುದೂ ಉಂಟು. ತುಸು ದೂರ ನಿಂತು, ಉದ್ದನೆಯ ಮಸೂರವನ್ನು ಕಣ್ಣಿಗೇ ಹೊಂದಿಸುವುದು ಇದಕ್ಕೆ ಪರಿಹಾರ.

ಮೂರನೆಯದು ಬೆಳಕು. ಬೆಳಕಿನ ಮೀಟರು ಎದುರಿಗಿರುವುದನ್ನೆಲ್ಲ ನಡುಬೂದಿ ಬಣ್ಣದ್ದೆಂದು ಎಣಿಸುತ್ತದೆ. ಅದನ್ನೇ ನಂಬಿದರೆ ಚಿತ್ರ ತುಂಬಿದ ಕರಿನಾಯಿ ಬೂದಿಯಾಗುತ್ತದೆ, ಬಿಳಿನಾಯಿಯೂ ಬೂದಿಯಾಗುತ್ತದೆ. ಕರಿನಾಯಿಗೆ ಮೀಟರು ಹೇಳುವುದಕ್ಕಿಂತ ಕಡಿಮೆ, ಬಿಳಿನಾಯಿಗೆ ಹೆಚ್ಚು ಬೆಳಕನ್ನು ಕೊಡಬೇಕು. ಕಪ್ಪು ಮೈಯ ರೂಪ ತಿಳಿಯುವುದು ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಹೊಳೆಯುವ ಕೂದಲಿನಿಂದ. ಕ್ಯಾಮರಾಕ್ಕೆ ಅಂಟಿಕೊಂಡ ಫ್ಲಾಷ್ ಬಳಸಿದರೆ, ನಾಯಿಯ ಅಕ್ಷಿಪಟಲದ ಹಿಂದಿರುವ ಪ್ರತಿಫಲಕ ಪದರವು ಬೆಳಕನ್ನು ಮರಳಿಸಿ, ಕಣ್ಣುಗಳು ಹಸಿರು ದೀಪಗಳಾಗುತ್ತವೆ. ಅಲ್ಲಿಗೆ ನೋಟವೇ ಅಳಿದುಹೋಗುತ್ತದೆ.

ಈ ಆಯ್ಕೆಗಳು ಒಂದು ನಿಲುವಿನಿಂದ ಹೊರಡುವುವೆಂಬುದನ್ನು ಇಬ್ಬರು ಅಮೆರಿಕನ್ ಛಾಯಾಗ್ರಾಹಕರ ಕೃತಿಗಳಿಂದ ಕಾಣಬಹುದು. ಎಲಿಯಟ್ ಅರ್ವಿಟ್ (1928-2023) 1974ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ಚಿತ್ರದಲ್ಲಿ ಕ್ಯಾಮರಾ ನೆಲಮಟ್ಟದಲ್ಲಿದೆ. ಟೋಪಿ ತೊಟ್ಟ ಪುಟ್ಟ ನಾಯಿಯೊಂದು ಪೂರ್ಣವಾಗಿ ಕಾಣುತ್ತದೆ. ಪಕ್ಕದಲ್ಲಿ ಬೂಟು ಧರಿಸಿದ ಹೆಂಗಸಿನ ಕಾಲುಗಳು. ಅದರಾಚೆ ಇನ್ನೆರಡು ಕಾಲುಗಳು. ಅವು ಮನುಷ್ಯನವಲ್ಲ, ದೈತ್ಯಗಾತ್ರದ ಮತ್ತೊಂದು ನಾಯಿಯವು ಎಂದು ನೋಡುಗನಿಗೆ ತುಸು ತಡವಾಗಿ ಹೊಳೆಯುತ್ತದೆ. ಪುಟ್ಟ ನಾಯಿಯನ್ನು ಅಳತೆಗೋಲಾಗಿ ಇಟ್ಟುಕೊಂಡದ್ದರಿಂದ ಇಲ್ಲಿ ಮನುಷ್ಯನೇ ಚೌಕಟ್ಟಿನಿಂದ ಹೊರಗುಳಿದಿದ್ದಾನೆ.

ವಿಲಿಯಂ ವೆಗ್ಮನ್ ಹಿಡಿದ ದಾರಿ ಬೇರೆ. 1970ರಲ್ಲಿ ಆತನ ಮನೆಗೆ ಬಂದ ವೈಮರಾನರ್ ತಳಿಯ ನಾಯಿಗೆ ಆತನು ಮ್ಯಾನ್ ರೇ ಎಂಬ ಕಲಾವಿದನ ಹೆಸರಿಟ್ಟನು. 1979ರಿಂದ, 20 ಅಂಗುಲಕ್ಕೆ 24 ಅಂಗುಲ ಅಳತೆಯ ಚಿತ್ರಗಳನ್ನು ಕೊಡುವ ಬೃಹತ್ ಪೋಲರಾಯ್ಡ್ ಕ್ಯಾಮರಾದಿಂದ ಆತನು ಅದರ ಚಿತ್ರಗಳನ್ನು ತೆಗೆದನು. ನಾಯಿಗೆ ವೇಷ ತೊಡಿಸಿ, ಕಾರ್ಯಾಗಾರದ ಬೆಳಕಿನಲ್ಲಿ ಅಲುಗದಂತೆ ನಿಲ್ಲಿಸಿ ತೆಗೆದ ಚಿತ್ರಗಳಿವು. ಇಲ್ಲಿ ಮನುಷ್ಯನೇ ನಾಯಿಯ ಬಳಿಗೆ ಇಳಿದಿಲ್ಲ; ನಾಯಿಯನ್ನು ಮನುಷ್ಯನ ವೇದಿಕೆಗೆ ಏರಿಸಲಾಗಿದೆ. ಇದು ನಾಯಿಯ ಘನತೆಗೆ ಕುಂದೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೂ ಆ ವೇಷಗಳ ನಡುವೆ ನಾಯಿಯ ಮುಖ ತನ್ನ ಗಾಂಭೀರ್ಯವನ್ನು ಬಿಟ್ಟುಕೊಡದಿರುವುದರಿಂದ, ಹಾಸ್ಯವು ಬಹುಮಟ್ಟಿಗೆ ವೇಷದ ಮೇಲೆ, ಎಂದರೆ ನಮ್ಮ ಮೇಲೆಯೇ, ಬೀಳುತ್ತದೆಂದು ನಮಗೆ ತೋರುತ್ತದೆ. ಮ್ಯಾನ್ ರೇ 1982ರಲ್ಲಿ ಸತ್ತಿತು.

ನಾಯಿಯು ತನ್ನ ಚಿತ್ರವನ್ನು ಬೇಡುವುದೂ ಇಲ್ಲ, ಬೇಡವೆನ್ನುವುದೂ ಇಲ್ಲ. ಅದಕ್ಕೆ ಯಾವ ಸ್ಥಾನ ಕೊಡಬೇಕೆಂಬ ನಿರ್ಧಾರ ಪೂರ್ಣವಾಗಿ ನಮ್ಮದು. ಎತ್ತರ, ಮಸೂರ, ಬೆಳಕುಗಳು ಆ ನಿರ್ಧಾರವನ್ನು ಅನುಸರಿಸಿ ಬರುತ್ತವೆ. ಅದರ ಆಯುಷ್ಯವೋ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳಷ್ಟೆ. ಹಳೆಯ ಕುಟುಂಬಚಿತ್ರಗಳ ಹಿಂಬದಿಯಲ್ಲಿ ಹಿರಿಯರ ಹೆಸರುಗಳನ್ನು ಬರೆದಿಡುವುದುಂಟು. ಕಾಲಬಳಿ ಕುಳಿತ ನಾಯಿಯ ಹೆಸರನ್ನು ಬರೆಯುವುದು ವಿರಳ. ಅಂಥ ಚಿತ್ರ ಮುಂದಿನ ತಲೆಮಾರಿಗೆ ಯಾವುದೋ ಒಂದು ನಾಯಿಯ ಚಿತ್ರವಾಗಿ ಉಳಿಯುತ್ತದೆ. ಆದುದರಿಂದ ಚಿತ್ರ ತೆಗೆಯುವವರೂ ಸಂಗ್ರಹಿಸುವವರೂ ನಾಯಿಯ ಹೆಸರು, ಊರು, ವರ್ಷಗಳನ್ನು ಚಿತ್ರದೊಡನೆ ಬರೆದಿಡುವುದು ಉಚಿತ. ಕಲ್ಲಿನ ಮೇಲಿನ ಆ ಬೇಟೆನಾಯಿಯನ್ನು ಸಾವಿರ ವರ್ಷಗಳ ಅನಂತರವೂ ನಾವು ಕಾಳಿಯೆಂದು ಕರೆಯಬಲ್ಲೆವಾದರೆ, ಅದು ಶಿಲ್ಪದೊಡನೆ ಕೊರೆದ ಬರಹದ ಉಪಕಾರ.